ಬೆಳಕಿನ ದಾರಿಯಲ್ಲಿ ಜಾಗ ಉಳಿಸುವ ಕಸುಬು

ಇಂಟರ್ನೆಟ್ ಸಂಸ್ಥೆಯೊಂದರ ಯೋಗ್ಯತೆ ತಿಳಿಯುವುದು ಸಂಜೆ ಏಳರಿಂದ ರಾತ್ರಿ ಹನ್ನೊಂದರ ನಡುವೆ. ಮಟಮಟ ಮಧ್ಯಾಹ್ನ ಯಾರ ಲೈನಾದರೂ ಸರಾಗವಾಗಿಯೇ ಓಡುತ್ತದೆ. ಬೀದಿಯ ಮನೆಗಳಲ್ಲೆಲ್ಲ ದೀಪ ಹತ್ತಿ, ಮಕ್ಕಳು ಆಟಕ್ಕೂ ದೊಡ್ಡವರು ಸಿನಿಮಾಕ್ಕೂ ಕೂತು, ಒಳಕೋಣೆಯಲ್ಲಿ ಯಾರೋ ಊರಿಗೆ ವಿಡಿಯೊ ಕಾಲ್ ಮಾಡಿದಾಗಲೂ ಚಿತ್ರ ತಡವರಿಸದೆ ಬಂದರೆ ಆ ಸಂಸ್ಥೆ ತನ್ನ ಕೆಲಸ ಮಾಡಿದೆ ಎಂದರ್ಥ. ಆಸ್ಟ್ರೇಲಿಯಾದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ 2018ರಿಂದ ಇದನ್ನೇ ಅಳೆಯುತ್ತಿದೆ. ತಾವಾಗಿ ಮುಂದೆ ಬಂದ ಮನೆಗಳಲ್ಲಿ ಒಂದು ಪುಟ್ಟ ಪೆಟ್ಟಿಗೆ ಇಟ್ಟು, ದಟ್ಟಣೆಯ ಹೊತ್ತಿನಲ್ಲಿ ಯಾವ ಸಂಸ್ಥೆ ತಾನು ಹೇಳಿದ ವೇಗದಲ್ಲಿ ಎಷ್ಟನ್ನು ನಿಜಕ್ಕೂ ಕೊಡುತ್ತಿದೆ ಎಂಬುದನ್ನು ಹೆಸರು ಹೇಳಿಯೇ ಪ್ರಕಟಿಸುತ್ತದೆ.

ಪರ್ತ್‌ನಲ್ಲಿ ರಾತ್ರಿ ಒಂಬತ್ತೂವರೆಯಾದಾಗ ಕರ್ನಾಟಕದಲ್ಲಿ ಸಂಜೆ ಏಳು. ಬ್ರಿಸ್ಬೇನ್‌ನ ಒಂಬತ್ತೂವರೆಗೆ ನಮ್ಮಲ್ಲಿ ಸಂಜೆ ಐದು. ಬೇಸಿಗೆಯ ತಿಂಗಳು ಬಿಟ್ಟರೆ ಅಡಿಲೇಡ್ ಇವೆರಡರ ನಡುವೆ. ಈ ಮೂರು ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಊರಿನ ಅಪ್ಪ ಅಮ್ಮನ ಜೊತೆ ಮಾತಿಗೆ ಕೂರುವ ಹೊತ್ತು ಬಹಳ ಸಲ ಅಲ್ಲಿನ ಜಾಲದ ಅತಿ ದಟ್ಟಣೆಯ ಹೊತ್ತೇ ಆಗಿರುತ್ತದೆ. ಆ ಮಾತು ತುಂಡಾಗದೆ ಸಾಗಲಿ ಎಂದು ವರ್ಷಗಳ ಹಿಂದೆಯೇ ಯಾರೋ ನೆಲ ಅಗೆದಿದ್ದಾರೆ, ಗಾಜಿನ ಎಳೆಗಳನ್ನು ಬೆಸೆದಿದ್ದಾರೆ, ಕಡಲ ತಳದಲ್ಲಿ ಕೇಬಲ್ ಇಳಿಸಿದ್ದಾರೆ, ಎಂದೂ ಬೇಕಾಗದಿರಲಿ ಎಂದು ಹಾರೈಸುತ್ತಲೇ ಡೀಸೆಲ್ ಜನರೇಟರ್ ತಂದು ನಿಲ್ಲಿಸಿದ್ದಾರೆ. ಇವರ ಕಸುಬಿನ ಸಾರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಬೇಕಾಗುವ ಮೊದಲೇ ಜಾಗ ಮಾಡಿಟ್ಟು, ಅದನ್ನು ಖಾಲಿಯಾಗಿ ಕಾಯ್ದುಕೊಳ್ಳುವುದು. ಹಣ ಹಾಕುವವರಿಗೆ ಇದು ಕಠಿಣ ಶಿಸ್ತು. ಖಾಲಿ ಇರುವುದಕ್ಕೆ ಯಾರೂ ಬಾಡಿಗೆ ಕೊಡುವುದಿಲ್ಲವಲ್ಲ!

ದೂರ ಕಲಿಸಿದ ಪಾಠ

ಸಿಡ್ನಿಯಲ್ಲಿ ಇದ್ದವರಿಗೆ ಜಗತ್ತು ತಾನಾಗಿ ಬಾಗಿಲಿಗೆ ಬರುತ್ತಿತ್ತು. ದೊಡ್ಡ ಕಡಲ ಕೇಬಲ್‌ಗಳು ಬಹುಪಾಲು ಅಲ್ಲಿಗೇ ಬಂದು ಸೇರುತ್ತಿದ್ದವು. ಪರ್ತ್‌ನಿಂದ ಸಿಡ್ನಿಗೆ ಹಕ್ಕಿ ಹಾರಿದ ದೂರವೇ ಸುಮಾರು 3,300 ಕಿಲೊಮೀಟರ್. ಹೀಗೆ ದೂರ ಉಳಿದ ಊರುಗಳು ತಮ್ಮ ದಾರಿಯನ್ನು ತಾವೇ ಮಾಡಿಕೊಳ್ಳಬೇಕಾಯಿತು. ಆಸ್ಟ್ರೇಲಿಯಾದ ಇಂಟರ್ನೆಟ್ ಚರಿತ್ರೆಯ ಹಲವು ಮುಖ್ಯ ಹೆಸರುಗಳು ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಿಂದಲೇ ಬಂದಿರುವುದು ಕಾಕತಾಳೀಯವಲ್ಲ.

ಆ ಹಟ ಹಳೆಯದು. 1872ರಲ್ಲಿ ಚಾರ್ಲ್ಸ್ ಟಾಡ್ ಅವರ ಮುಂದಾಳತ್ವದಲ್ಲಿ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ ಅಡಿಲೇಡ್ ಕಡೆಯಿಂದ ಉತ್ತರದ ಡಾರ್ವಿನ್‌ವರೆಗೆ ಟೆಲಿಗ್ರಾಫ್ ತಂತಿ ಎಳೆದು ಮುಗಿಸಿತು. ಪೋರ್ಟ್ ಆಗಸ್ಟಾದಿಂದಾಚೆಗೆ ಸುಮಾರು 3,200 ಕಿಲೊಮೀಟರ್ ಉದ್ದ, 36,000 ಕಂಬಗಳು, ಬಹುಭಾಗ ಮರುಭೂಮಿ. ಡಾರ್ವಿನ್‌ನಿಂದ ಕಡಲ ತಂತಿ ಜಾವಾಕ್ಕೆ, ಅಲ್ಲಿಂದ ಸಿಂಗಪುರ, ಪೆನಾಂಗ್ ಹಾದು ಮದ್ರಾಸಿಗೆ ಬರುತ್ತಿತ್ತು. ಅಡಿಲೇಡಿನಿಂದ ಲಂಡನ್ನಿಗೆ ಹೊರಟ ಸುದ್ದಿ ದಕ್ಷಿಣ ಭಾರತದ ನೆಲವನ್ನು ಮುಟ್ಟಿಯೇ ಮುಂದೆ ಹೋಗುತ್ತಿತ್ತು. ದಾರಿಯುದ್ದಕ್ಕೂ ಆಲಿಸ್ ಸ್ಪ್ರಿಂಗ್ಸ್‌ನಂಥ ಕಡೆ ಠಾಣೆಗಳಿದ್ದವು. ತಂತಿಯಲ್ಲಿ ಬರುತ್ತ ಬರುತ್ತ ಸಂಕೇತ ಸೊರಗುತ್ತಿದ್ದುದರಿಂದ ಅಲ್ಲಿನ ನೌಕರರು ಬಂದ ಸಂದೇಶವನ್ನು ಕೇಳಿ ಬರೆದುಕೊಂಡು, ಮತ್ತೆ ಕೈಯಾರೆ ಕುಟ್ಟಿ ಮುಂದಕ್ಕೆ ದಾಟಿಸುತ್ತಿದ್ದರು. 1901ರಲ್ಲಿ ಪರ್ತ್‌ನ ಕಾಟ್‌ಸ್ಲೊ ಕಡಲತೀರದಿಂದ ಕೊಕೊಸ್ ದ್ವೀಪ, ಮಾರಿಷಸ್ ಮಾರ್ಗವಾಗಿ ಆಫ್ರಿಕಾದ ಡರ್ಬನ್‌ಗೆ ಇನ್ನೊಂದು ಕಡಲ ತಂತಿ ಸೇರಿತು. ಒಂದು ದಾರಿ ಸಾಲದು, ಎರಡನೆಯದು ಬೇಕೇ ಬೇಕು ಎಂಬ ಅರಿವು ಆ ಕಾಲದ್ದು.

ಇಂಟರ್ನೆಟ್ ಕಾಲಕ್ಕೆ ಬಂದರೆ, ಅಡಿಲೇಡಿನಲ್ಲಿ ಸೈಮನ್ ಹ್ಯಾಕೆಟ್ 1991ರಲ್ಲಿ ಇಂಟರ್ನೋಡ್ ಶುರು ಮಾಡಿದರು. ಪರ್ತ್‌ನ ಪ್ಯಾಡ್‌ಬರಿ ಬಡಾವಣೆಯ ಮನೆಯೊಂದರ ಗ್ಯಾರೇಜಿನಲ್ಲಿ ಮೈಕಲ್ ಮಲೋನ್ 1993ರಲ್ಲಿ ಐಐನೆಟ್ ಹುಟ್ಟುಹಾಕಿದರು. ಬ್ರಿಸ್ಬೇನ್‌ನಲ್ಲಿ ಬೆವನ್ ಸ್ಲಾಟರಿ ಮತ್ತು ಸ್ಟೀವ್ ಬ್ಯಾಕ್ಸ್‌ಟರ್ 2001ರಲ್ಲಿ ಪೈಪ್ ನೆಟ್‌ವರ್ಕ್ಸ್ ಕಟ್ಟಿದರು. ಮೂರೂ ಸಂಸ್ಥೆಗಳು ಮೊದಲು ಕಂಡುಕೊಂಡದ್ದು ಒಂದೇ ಸತ್ಯ: ಹತ್ತಿರದಲ್ಲೇ ಮುಗಿಯುವ ಕೆಲಸಕ್ಕೆ ಡೇಟಾ ದೂರ ಹೋಗಿ ಬರಬಾರದು. ಒಂದೇ ಊರಿನ ಎರಡು ಇಂಟರ್ನೆಟ್ ಸಂಸ್ಥೆಗಳು ಊರಲ್ಲೇ ಕೈಜೋಡಿಸದಿದ್ದರೆ, ಪಕ್ಕದ ಬೀದಿಗೆ ಹೋಗಬೇಕಾದ ಪತ್ರ ಸಾವಿರಾರು ಕಿಲೊಮೀಟರ್ ಆಚೆಯ ಯಾವುದೋ ಕೂಡುತಾಣಕ್ಕೆ ಹೋಗಿ ಮರಳಬೇಕು. ಅದಕ್ಕಾಗಿ 1990ರ ದಶಕದಲ್ಲೇ ಪರ್ತ್‌ನ ಸಂಸ್ಥೆಗಳು ಸೇರಿ ತಮ್ಮದೇ ವಿನಿಮಯ ಕೇಂದ್ರ ಮಾಡಿಕೊಂಡವು. ವ್ಯಾಪಾರದಲ್ಲಿ ಎದುರಾಳಿಗಳಾಗಿದ್ದವರು ಒಂದೇ ಸ್ವಿಚ್‌ಗೆ ತಮ್ಮ ತಮ್ಮ ತಂತಿ ಚುಚ್ಚಿ, ಊರಿನ ಡೇಟಾವನ್ನು ಊರಲ್ಲೇ ಬದಲಿಸಿಕೊಂಡರು. ಬ್ರಿಸ್ಬೇನ್‌ನ ಪೈಪ್ ನೆಟ್‌ವರ್ಕ್ಸ್‌ನ ಆರಂಭದ ಕೆಲಸವೂ ಇಂಥ ವಿನಿಮಯ ಕೇಂದ್ರಗಳನ್ನು ನಡೆಸುವುದೇ ಆಗಿತ್ತು. ಇಂಟರ್ನೋಡ್ ಇನ್ನೊಂದು ಉಪಾಯ ಮಾಡಿತು. ಜನ ಮತ್ತೆ ಮತ್ತೆ ಇಳಿಸಿಕೊಳ್ಳುವ ಲಿನಕ್ಸ್‌ನಂಥ ದೊಡ್ಡ ಫೈಲ್‌ಗಳ ಪ್ರತಿಯನ್ನು ತನ್ನ ಸರ್ವರ್‌ಗಳಲ್ಲೇ ಇಟ್ಟುಕೊಂಡು ಹಂಚಿತು. ಕಡಲು ಒಮ್ಮೆ ದಾಟಿ ಬಂದದ್ದು ಸಾವಿರ ಮನೆಗೆ ಸಾಕಾಯಿತು. ಇಂದು ದೊಡ್ಡ ವಿಡಿಯೊ ಸಂಸ್ಥೆಗಳು ಪ್ರತಿ ನಗರದಲ್ಲೂ ತಮ್ಮ ಪೆಟ್ಟಿಗೆ ಇಟ್ಟು ಮಾಡುತ್ತಿರುವುದು ಇದನ್ನೇ.

ಮೂರು ಊರುಗಳ ಈ ಕಥೆ 2009ರಲ್ಲಿ ಒಂದೆಡೆ ಕೂಡಿತು. ಪೈಪ್ ನೆಟ್‌ವರ್ಕ್ಸ್ ಸಿಡ್ನಿಯಿಂದ ಗ್ವಾಮ್ ದ್ವೀಪಕ್ಕೆ ಸುಮಾರು 6,900 ಕಿಲೊಮೀಟರ್ ಉದ್ದದ ಪಿಪಿಸಿ-1 ಕೇಬಲ್ ಹಾಕಿ ಮುಗಿಸಿತು. ಕೇಬಲ್ ಕಡಲಿಗೆ ಇಳಿಯುವ ಮೊದಲೇ ಅದರಲ್ಲಿ ಪಾಲು ಕೊಳ್ಳಲು ಒಪ್ಪಿದವರಲ್ಲಿ ಐಐನೆಟ್ ಮತ್ತು ಇಂಟರ್ನೋಡ್ ಇದ್ದವು. ದೊಡ್ಡ ದೂರಸಂಪರ್ಕ ಕಂಪನಿಗಳು ಮಾತ್ರ ಮಾಡಬಲ್ಲವು ಎಂದು ತಿಳಿಯಲಾಗಿದ್ದ ಕೆಲಸವನ್ನು ಬ್ರಿಸ್ಬೇನ್‌ನ ಚಿಕ್ಕ ಸಂಸ್ಥೆಯೊಂದು ಮಾಡಿ ತೋರಿಸಿತು.

ಎಳೆಗೆ ಎಳೆ ಬೆಸೆಯುವ ಕೈ

ಫೈಬರ್ ಎಂದರೆ ಅತಿ ಶುದ್ಧ ಗಾಜಿನ ಎಳೆ. ಹೊರಗಾಜಿನ ಅಡ್ಡಳತೆ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಹರಿಯುವುದು ಅದರ ನಟ್ಟನಡುವಿನ ಸುಮಾರು 9 ಮೈಕ್ರಾನ್ ತಿರುಳಿನಲ್ಲಿ ಮಾತ್ರ. ಇಂಥ ಎರಡು ಎಳೆಗಳನ್ನು ತುದಿಗೆ ತುದಿ ಬೆಸೆಯುವ ಕೆಲಸಕ್ಕೆ ಸ್ಪ್ಲೈಸಿಂಗ್ ಎನ್ನುತ್ತಾರೆ. ಇದನ್ನು ಹತ್ತಿರದಿಂದ ನೋಡಬೇಕು.

ಪಾದಚಾರಿ ರಸ್ತೆಯ ಪಕ್ಕದಲ್ಲಿ ಕಾಂಕ್ರೀಟಿನದೋ ಪ್ಲಾಸ್ಟಿಕ್‌ನದೋ ಮುಚ್ಚಳ. ಆಸ್ಟ್ರೇಲಿಯಾದಲ್ಲಿ ಅದನ್ನು ಪಿಟ್ ಎನ್ನುತ್ತಾರೆ. ಒಳಗೆ ಬಿಳಿ ಪೈಪುಗಳು ಬಂದು ಸೇರಿರುತ್ತವೆ. ವಿದ್ಯುತ್ತಿನ ಪೈಪು ಕಿತ್ತಳೆ, ಸಂಪರ್ಕದ ಪೈಪು ಬಿಳಿ. ನೆಲ ಅಗೆಯುವವನಿಗೆ ಬಣ್ಣವೇ ಎಚ್ಚರಿಕೆ. ಕೆಲಸಗಾರ ಪಿಟ್‌ನಿಂದ ಕೇಬಲ್ಲಿನ ಸುರುಳಿಯನ್ನು ಮೇಲೆತ್ತಿ, ವ್ಯಾನಿನೊಳಗಿನ ಪುಟ್ಟ ಮೇಜಿನ ಮೇಲೆ ಹರಡುತ್ತಾನೆ. ಹೊರಕವಚ ಸೀಳಿದರೆ ಒಳಗೆ ಬಣ್ಣ ಬಣ್ಣದ ಎಳೆಗಳು: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಹನ್ನೆರಡರ ಈ ಸಾಲು ಸ್ಪ್ಲೈಸರ್‌ಗೆ ಬಾಯಿಪಾಠ. ಐದನೆಯ ಎಳೆ ಅಂದರೆ ಬೂದು ಎಂದು ಅವನು ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ.

ಮೊದಲು ರಕ್ಷಾಕೊಳವೆಯೊಂದನ್ನು ಎಳೆಗೆ ತೂರಿಸಬೇಕು. ಇದನ್ನು ಮರೆತರೆ ಬೆಸೆದದ್ದನ್ನು ಮತ್ತೆ ಕತ್ತರಿಸಬೇಕಾಗುತ್ತದೆ. ಆಮೇಲೆ ಮೇಲಿನ ಬಣ್ಣದ ಲೇಪನವನ್ನು ಇಕ್ಕಳದಿಂದ ಒಂದೇ ಎಳೆತಕ್ಕೆ ಸುಲಿಯಬೇಕು. ಬತ್ತಲಾದ ಗಾಜನ್ನು ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಶುದ್ಧವಾಗಿ ಒರೆಸಿದ ಗಾಜು ಸಣ್ಣಗೆ ಕೀಚ್ ಎನ್ನುತ್ತದೆ. ಪಳಗಿದವರು ಆ ಸದ್ದಿಗೆ ಕಿವಿಗೊಡುತ್ತಾರೆ. ಬಳಿಕ ಕ್ಲೀವರ್ ಎಂಬ ಸಲಕರಣೆಯಲ್ಲಿಟ್ಟು ಗಾಜಿಗೆ ಒಂದು ಗೀರು ಎಳೆದು ಮುರಿಯಬೇಕು. ಮುರಿದ ಮುಖ ಕನ್ನಡಿಯಷ್ಟು ಸಪಾಟಾಗಿರಬೇಕು, ಓರೆ ಒಂದು ಡಿಗ್ರಿಯನ್ನೂ ಮೀರಬಾರದು. ಕೊನೆಗೆ ಎರಡೂ ತುದಿಗಳನ್ನು ಬೆಸೆಯುವ ಯಂತ್ರದಲ್ಲಿಟ್ಟರೆ ಅದು ಕ್ಯಾಮೆರಾದಿಂದ ನೋಡಿ, ತಿರುಳಿಗೆ ತಿರುಳು ಎದುರಾಗುವಂತೆ ಒಂದು ಮೈಕ್ರಾನಿಗಿಂತ ಸೂಕ್ಷ್ಮವಾಗಿ ಸರಿಸಿ, ವಿದ್ಯುತ್ ಕಿಡಿ ಹಾರಿಸಿ ಗಾಜನ್ನು ಕರಗಿಸಿ ಒಂದಾಗಿಸುತ್ತದೆ. ಕಿಡಿ ಹಾರುವುದು ಕೆಲವೇ ಕ್ಷಣ. ತಯಾರಿಯದ್ದೇ ಹೆಚ್ಚಿನ ಸಮಯ. ಒಂದು ಧೂಳಿನ ಕಣ, ಬೆರಳಿನ ಒಂದಿಷ್ಟು ಎಣ್ಣೆ ಸಿಕ್ಕಿಕೊಂಡರೂ ಬೆಸುಗೆ ಕೆಡುತ್ತದೆ. ಒಳ್ಳೆಯ ಬೆಸುಗೆಯಲ್ಲಿ ಬೆಳಕಿನ ನಷ್ಟ ನೂರಕ್ಕೆ ಒಂದು ಭಾಗದ ಆಸುಪಾಸು ಮಾತ್ರ. ನಲವತ್ತು ಡಿಗ್ರಿ ಬಿಸಿಲಿನ ಪರ್ತ್‌ನ ಬೇಸಿಗೆಯಲ್ಲಿ, ಬ್ರಿಸ್ಬೇನ್‌ನ ಬೆವರಿಳಿಸುವ ಸೆಕೆಯಲ್ಲಿ, 144 ಎಳೆಗಳ ಕೇಬಲ್ಲನ್ನು ಒಂದೊಂದಾಗಿ ಬೆಸೆದು, ತಟ್ಟೆಗಳಲ್ಲಿ ಸುತ್ತಿ, ನೀರು ಸೋರದ ಗೂಡಿನಲ್ಲಿಟ್ಟು ಮತ್ತೆ ಪಿಟ್‌ಗೆ ಇಳಿಸುವವರ ತಾಳ್ಮೆ ದೊಡ್ಡದು.

ಕೆಲಸ ಮುಗಿದ ಮೇಲೆ ಪರೀಕ್ಷೆ. ಎಳೆಯ ಒಂದು ತುದಿಯಿಂದ ಬೆಳಕಿನ ಮಿಡಿತವೊಂದನ್ನು ಕಳಿಸಿ, ಹಿಂದಿರುಗಿ ಬರುವ ಮಂದ ಬೆಳಕನ್ನು ಯಂತ್ರ ಓದುತ್ತದೆ. ಪರದೆಯ ಮೇಲೆ ನಿಧಾನವಾಗಿ ಇಳಿಯುವ ಗೆರೆ. ಎಲ್ಲಿ ಬೆಸುಗೆ ಸರಿಯಿಲ್ಲವೋ ಅಲ್ಲಿ ಒಂದು ಮೆಟ್ಟಿಲು. ಎಲ್ಲಿ ಎಳೆ ತುಂಡಾಗಿದೆಯೋ ಅಲ್ಲಿ ಒಂದು ಮೊನೆ, ಆಮೇಲೆ ಬರೀ ಗದ್ದಲ. ನಲವತ್ತು ಕಿಲೊಮೀಟರ್ ಆಚೆ ಯಾವುದೋ ಜೆಸಿಬಿ ಕೇಬಲ್ಲಿಗೆ ತಾಗಿದರೆ, ಅದು ಎಲ್ಲಿ ಎಂಬುದನ್ನು ಕೂತಲ್ಲಿಂದಲೇ ಕೆಲವು ಮೀಟರುಗಳ ಅಂತರದೊಳಗೆ ಹೇಳುವ ಶಕ್ತಿ ಈ ಗೆರೆಗಿದೆ.

ಬೆಳಕಿನ ಲೆಕ್ಕ

ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಓಡುತ್ತದೆ. ನೂರು ಕಿಲೊಮೀಟರ್ ಹೋಗಿ ಬರಲು ಒಂದು ಮಿಲಿಸೆಕೆಂಡ್. ಈ ಒಂದು ಸೂತ್ರ ಇದ್ದರೆ ಪರ್ತ್‌ನಿಂದ ಬೆಂಗಳೂರಿಗೆ ಹೋಗುವ ಮಾತಿನ ಲೆಕ್ಕ ಹಾಕಬಹುದು. ಪರ್ತ್‌ನಿಂದ ಸಿಂಗಪುರಕ್ಕೆ ಕಡಲ ಕೇಬಲ್ ಸುಮಾರು 4,600 ಕಿಲೊಮೀಟರ್. ಸಿಂಗಪುರದಿಂದ ಚೆನ್ನೈಗೆ ಸುಮಾರು 3,200. ಚೆನ್ನೈನಿಂದ ಬೆಂಗಳೂರಿಗೆ ನೆಲದ ಮೇಲೆ 350ರಷ್ಟು. ಒಟ್ಟು 8,150. ಅಂದರೆ ಹೋಗಿ ಬರಲು ಕನಿಷ್ಠ 82 ಮಿಲಿಸೆಕೆಂಡ್. ಇದಕ್ಕಿಂತ ಬೇಗ ಹೋಗಲು ಆಗದು, ಅದು ಪ್ರಕೃತಿಯ ಮಿತಿ. ಮಾತುಕತೆಯಲ್ಲಿ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಕಿವಿಗೆ ಅಡ್ಡಿಯೆನಿಸುವುದಿಲ್ಲ. ಹಾಗಾಗಿ ದೂರ ನಮ್ಮ ಮಾತನ್ನು ಕೆಡಿಸುವುದಿಲ್ಲ. ಕೆಡಿಸುವುದು ದಾರಿಯಲ್ಲಿ ಎಲ್ಲೋ ಜಾಗವಿಲ್ಲದೆ ಸಾಲುಗಟ್ಟಿ ನಿಲ್ಲುವುದು, ಇಲ್ಲವೇ ಕೇಬಲ್ ಕೆಟ್ಟು ಅರ್ಧ ಭೂಗೋಳ ಸುತ್ತಿ ಬರುವುದು.

ಬೆಳಕೂ ದಾರಿಯಲ್ಲಿ ಸೊರಗುತ್ತದೆ. ಐವತ್ತು ಕಿಲೊಮೀಟರ್ ಹೋಗುವಷ್ಟರಲ್ಲಿ ಹತ್ತನೇ ಒಂದು ಭಾಗ, ನೂರು ಕಿಲೊಮೀಟರಿಗೆ ನೂರನೇ ಒಂದು ಭಾಗ ಉಳಿದಿರುತ್ತದೆ. ಆದ್ದರಿಂದ ಪ್ರತಿ ಅರವತ್ತರಿಂದ ನೂರು ಕಿಲೊಮೀಟರಿಗೆ ಒಂದು ವರ್ಧಕ ಬೇಕು. ಅದರೊಳಗೆ ಎರ್ಬಿಯಂ ಎಂಬ ಧಾತು ಬೆರೆಸಿದ ತುಂಡು ಗಾಜೆಳೆ ಇರುತ್ತದೆ. ಬೇರೊಂದು ಲೇಸರಿನಿಂದ ಶಕ್ತಿ ತುಂಬಿಕೊಂಡ ಆ ಗಾಜು, ಹಾದುಹೋಗುವ ಮಂದ ಬೆಳಕಿಗೆ ತನ್ನ ಶಕ್ತಿಯನ್ನು ಕೊಟ್ಟು ಪ್ರಬಲಗೊಳಿಸುತ್ತದೆ. ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಗೋಜೇ ಇಲ್ಲ. ಟಾಡ್ ಅವರ ಠಾಣೆಗಳ ನೌಕರರು ಕೈಯಾರೆ ಮಾಡುತ್ತಿದ್ದುದನ್ನು ಒಂದು ತುಂಡು ಗಾಜು ಈಗ ಸದ್ದಿಲ್ಲದೆ ಮಾಡುತ್ತಿದೆ. ಕಡಲ ತಳದ ವರ್ಧಕಗಳಿಗೆ ದಡದಿಂದಲೇ ಸಾವಿರಾರು ವೋಲ್ಟಿನಲ್ಲಿ ವಿದ್ಯುತ್ ಕಳಿಸುತ್ತಾರೆ. ಒಮ್ಮೆ ಇಳಿಸಿದ ಮೇಲೆ ಇಪ್ಪತ್ತೈದು ವರ್ಷ ಮುಟ್ಟದೆ ನಡೆಯಬೇಕೆಂದು ಅವನ್ನು ತಯಾರಿಸುತ್ತಾರೆ.

ಒಂದೇ ಎಳೆಯಲ್ಲಿ ಎಂಬತ್ತು, ತೊಂಬತ್ತು ಬಗೆಯ ಬೆಳಕನ್ನು, ಪ್ರತಿಯೊಂದಕ್ಕೂ ಒಂದಿಷ್ಟೇ ಬೇರೆಯಾದ ತರಂಗಾಂತರ ಕೊಟ್ಟು, ಒಟ್ಟಿಗೆ ಕಳಿಸಬಹುದು. ಆದ್ದರಿಂದ ನೆಲದಲ್ಲಿ ಹೂತ ಎಳೆ ಹಳೆಯದಾದರೂ, ಎರಡು ತುದಿಯ ಯಂತ್ರ ಬದಲಿಸಿದರೆ ಅದರ ಸಾಮರ್ಥ್ಯ ಹಲವು ಪಟ್ಟು ಹೆಚ್ಚುತ್ತದೆ. ಇದೇ ಕಾರಣಕ್ಕೆ ಜಾಣ ಸಂಸ್ಥೆಗಳು ಅಗೆಯುವಾಗ ಬೇಕಾದ್ದಕ್ಕಿಂತ ಬಹಳ ಹೆಚ್ಚು ಎಳೆಗಳನ್ನು ಹೂಳುತ್ತವೆ. ಅಗೆತಕ್ಕೆ ಹಣ ಹೆಚ್ಚು, ಗಾಜಿಗೆ ಕಡಿಮೆ. ಬೆಳಕು ಹಾಯಿಸದೆ ಬಿಟ್ಟ ಆ ಎಳೆಗಳೇ ಮುಂದಿನ ಹತ್ತು ವರ್ಷದ ಬಂಡವಾಳ.

121 ಬಾಗಿಲು

ಆಸ್ಟ್ರೇಲಿಯಾ ಸರ್ಕಾರ 2009ರಲ್ಲಿ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲ ಕಟ್ಟಲು ಎನ್‌ಬಿಎನ್ ಎಂಬ ಕಂಪನಿ ಮಾಡಿತು. ಮನೆ ಮನೆಗೆ ಸಂಪರ್ಕ ಒಯ್ಯುವುದು ಅದರ ಕೆಲಸ. ಮನೆಯವರಿಗೆ ಸೇವೆ ಮಾರುವುದು ಬೇರೆ ಬೇರೆ ಸಂಸ್ಥೆಗಳ ಕೆಲಸ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಅಡಿಲೇಡಿನ ದಕ್ಷಿಣಕ್ಕಿರುವ ವಿಲ್ಲುಂಗಾ ಪಟ್ಟಣಕ್ಕೆ ಮೊದಲು, 2011ರಲ್ಲಿ, ಈ ಫೈಬರ್ ಬಂತು. 2013ರ ಬಳಿಕ ನೀತಿ ಬದಲಾಗಿ, ಬಹಳಷ್ಟು ಬಡಾವಣೆಗಳಿಗೆ ಬೀದಿಯ ಪೆಟ್ಟಿಗೆಯವರೆಗೆ ಮಾತ್ರ ಫೈಬರ್, ಅಲ್ಲಿಂದ ಮನೆಗೆ ಹಳೆಯ ತಾಮ್ರ ಎಂದಾಯಿತು. 2020ರಲ್ಲಿ ಮತ್ತೆ ಫೈಬರ್ ಕಡೆಗೆ ಹೊರಳಿ, ತಾಮ್ರದ ಜಾಗಕ್ಕೆ ಗಾಜು ಹಾಕುವ ಕೆಲಸ ಶುರುವಾಯಿತು.

ಮನೆಗಳ ಡೇಟಾವೆಲ್ಲ ಬಂದು ಸೇರುವ ಕೂಡುತಾಣಗಳು ದೇಶದಲ್ಲಿ 121. ಎನ್‌ಬಿಎನ್ ತನ್ನ ಹೊರೆಯನ್ನು ಅಲ್ಲಿ ಇಳಿಸುತ್ತದೆ. ಅಲ್ಲಿಂದ ಮುಂದಿನದೆಲ್ಲ ಇಂಟರ್ನೆಟ್ ಸಂಸ್ಥೆಯ ಜವಾಬ್ದಾರಿ. ಪರ್ತ್‌ನ ಗ್ರಾಹಕನಿಗೂ ಬ್ರಿಸ್ಬೇನ್‌ನ ಗ್ರಾಹಕನಿಗೂ ಸೇವೆ ಕೊಡುವೆನೆಂದರೆ ಆ ಎಲ್ಲ ಬಾಗಿಲುಗಳಿಗೂ ತನ್ನ ಫೈಬರ್ ಒಯ್ಯಬೇಕು, ಇಲ್ಲವೇ ಇನ್ನೊಬ್ಬರಿಂದ ಬಾಡಿಗೆಗೆ ಪಡೆಯಬೇಕು. ಪ್ರತಿ ಬಾಗಿಲಿನಲ್ಲೂ ಎಷ್ಟು ಅಗಲದ ದಾರಿ ಬೇಕೆಂದು ಲೆಕ್ಕ ಹಾಕಬೇಕು. 2023ರವರೆಗೆ ಎಲ್ಲ ಪ್ಲಾನ್‌ಗಳಿಗೂ ಆ ಸಾಮರ್ಥ್ಯವನ್ನು ಎನ್‌ಬಿಎನ್‌ನಿಂದ ಕೊಳ್ಳಬೇಕಿತ್ತು.

ಮದುವೆಯ ಊಟದ ಉಸ್ತುವಾರಿ ಹೊತ್ತವರಿಗೆ ಈ ಲೆಕ್ಕ ಹೊಸದಲ್ಲ. ಸಾವಿರ ಜನಕ್ಕೆ ಕರೆಯೋಲೆ ಹೋಗಿದ್ದರೂ ಸಾವಿರ ಎಲೆ ಒಟ್ಟಿಗೆ ಹಾಕುವುದಿಲ್ಲ. ಆದರೆ ಮುಹೂರ್ತ ಮುಗಿದ ಮೇಲಿನ ಪಂಕ್ತಿಗೆ ಎಷ್ಟು ಜನ ನುಗ್ಗುತ್ತಾರೆ ಎಂಬುದನ್ನು ಸರಿಯಾಗಿ ಅಂದಾಜಿಸದಿದ್ದರೆ ಮನೆತನದ ಮಾನ ಹೋಗುತ್ತದೆ. ನೂರು ಮೆಗಾಬಿಟ್ ಪ್ಲಾನ್ ಕೊಂಡ ಸಾವಿರ ಮನೆಗಳಿಗೆ ಲಕ್ಷ ಮೆಗಾಬಿಟ್ ಬೇಕಾಗುವುದಿಲ್ಲ. ಅತಿ ದಟ್ಟಣೆಯಲ್ಲೂ ಸರಾಸರಿ ಒಂದು ಮನೆಗೆ ಬೇಕಾಗುವುದು ಕೆಲವೇ ಮೆಗಾಬಿಟ್. ಆ ಕೆಲವನ್ನು ಎಷ್ಟೆಂದು ಹಿಡಿಯಬೇಕು, ಅದರ ಮೇಲೆ ಎಷ್ಟು ಮಿಗತೆ ಇಡಬೇಕು ಎಂಬಲ್ಲಿ ಪ್ರಾಮಾಣಿಕ ಸಂಸ್ಥೆಗೂ ಜಿಪುಣ ಸಂಸ್ಥೆಗೂ ವ್ಯತ್ಯಾಸ.

ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಂದು ದಿನದ ಬಳಕೆಯನ್ನು ಗ್ರಾಫ್‌ನಲ್ಲಿ ಬರೆದರೆ, ಬೆಳಗಿನ ಜಾವ ತಗ್ಗು, ಹಗಲು ನಿಧಾನ ಏರು, ಸಂಜೆ ಗುಡ್ಡ, ಮಧ್ಯರಾತ್ರಿಗೆ ಇಳಿತ. ಆರೋಗ್ಯವಂತ ಜಾಲದಲ್ಲಿ ಗುಡ್ಡದ ತಲೆ ದುಂಡಗಿರುತ್ತದೆ, ಅದರ ಮೇಲೆ ಒಂದಿಷ್ಟು ಬಯಲು ಉಳಿದಿರುತ್ತದೆ. ಸಾಮರ್ಥ್ಯ ಸಾಲದಾದಾಗ ಗುಡ್ಡದ ತಲೆ ಕತ್ತಿಯಲ್ಲಿ ಕೊಯ್ದಂತೆ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಗೆರೆಯ ಕೆಳಗೆ ನೂರಾರು ಮನೆಗಳ ಚಿತ್ರ ನಿಂತು ನಿಂತು ಓಡುತ್ತಿರುತ್ತದೆ. ಆಸಿ ಬ್ರಾಡ್‌ಬ್ಯಾಂಡ್ ಎಂಬ ಸಂಸ್ಥೆ ತನ್ನ ಪ್ರತಿ ಕೂಡುತಾಣದ ಈ ಗ್ರಾಫ್‌ಗಳನ್ನು ಗ್ರಾಹಕರೆಲ್ಲ ನೋಡುವಂತೆ ಪ್ರಕಟಿಸಿತು. ತಾನು ಎಷ್ಟು ಕೊಂಡಿದ್ದೇನೆ, ಜನ ಎಷ್ಟು ಬಳಸಿದ್ದಾರೆ ಎಂದು ತೆರೆದಿಡುವ ಧೈರ್ಯ ಮೆಚ್ಚತಕ್ಕದ್ದು. 2020ರಲ್ಲಿ ಆ ಸಂಸ್ಥೆ ಕೂಡುತಾಣಗಳಿಗೆ ಬಾಡಿಗೆ ಲೈನ್ ಬಿಟ್ಟು ಸ್ವಂತ ಫೈಬರ್ ಹಾಕುವ ಯೋಜನೆ ಕೈಗೆತ್ತಿಕೊಂಡಿತು. ಬಾಡಿಗೆಯ ದಾರಿಯಲ್ಲಿ ಪ್ರತಿ ಹೆಚ್ಚುವರಿಗೂ ಹಣ ತೆರಬೇಕು. ಸ್ವಂತ ದಾರಿಯಲ್ಲಿ ಯಂತ್ರ ಬದಲಿಸಿದರೆ ಸಾಕು.

ಮಿಗತೆಯ ಬೆಲೆ ಏನೆಂಬುದು ಅದೇ ವರ್ಷದ ಮಾರ್ಚ್‌ನಲ್ಲಿ ಎಲ್ಲರಿಗೂ ತಿಳಿಯಿತು. ಕೋವಿಡ್ ಬಂದು ಕಚೇರಿ, ಶಾಲೆ ಎಲ್ಲ ಮನೆಗೆ ಬಂದಾಗ ಎನ್‌ಬಿಎನ್ ಇಂಟರ್ನೆಟ್ ಸಂಸ್ಥೆಗಳಿಗೆ ಹೆಚ್ಚುವರಿ ಶುಲ್ಕವಿಲ್ಲದೆ ಶೇ 40ರವರೆಗೆ ಅಧಿಕ ಸಾಮರ್ಥ್ಯ ಕೊಡಲು ಮುಂದಾಯಿತು. ಅಷ್ಟು ಜಾಗ ಜಾಲದಲ್ಲಿ ಮೊದಲೇ ಇದ್ದುದರಿಂದ ಅದು ಸಾಧ್ಯವಾಯಿತು.

ಎರಡನೆಯ ದಾರಿ

ಪರ್ತ್‌ನ ಕಥೆಯಲ್ಲಿ ಈ ಕಸುಬಿನ ಗಂಭೀರ ಮುಖ ಇದೆ. 1999ರಿಂದ ಬಹುಕಾಲ ಪರ್ತ್ ಮತ್ತು ಸಿಂಗಪುರದ ನಡುವೆ ಇದ್ದದ್ದು ಸೀ-ಮಿ-ವಿ-3 ಎಂಬ ಒಂದೇ ಕೇಬಲ್. ಅದು ಹಲವು ಬಾರಿ ತುಂಡಾಯಿತು. ಕಡಲ ಕೇಬಲ್ ಸರಿಪಡಿಸುವುದೆಂದರೆ ಹಡಗು ಬರಬೇಕು, ಅನುಮತಿ ಸಿಗಬೇಕು, ತಳದಿಂದ ಎರಡೂ ತುದಿಗಳನ್ನು ಎತ್ತಿ ಬೆಸೆಯಬೇಕು, ವಾರಗಟ್ಟಲೆ ಹಿಡಿಯುತ್ತದೆ. ಅಷ್ಟೂ ದಿನ ಪರ್ತ್‌ನ ಡೇಟಾ ಪೂರ್ವಕ್ಕೆ ಇಡೀ ಖಂಡ ದಾಟಿ ಸಿಡ್ನಿಗೆ ಹೋಗಿ, ಅಲ್ಲಿಂದ ಪೆಸಿಫಿಕ್ ಮಾರ್ಗವಾಗಿ ಏಷ್ಯಾಕ್ಕೆ ಬರಬೇಕಾಗಿತ್ತು.

2018ರಲ್ಲಿ ವೋಕಸ್ ಸಂಸ್ಥೆಯ ಆಸ್ಟ್ರೇಲಿಯಾ ಸಿಂಗಪುರ ಕೇಬಲ್ ಬಂತು. ಕ್ರಿಸ್ಮಸ್ ದ್ವೀಪ ಮತ್ತು ಇಂಡೊನೇಷ್ಯಾಗಳನ್ನು ಮುಟ್ಟಿಕೊಂಡು ಹೋಗುವ ದಾರಿ ಅದು. ಮರುವರ್ಷವೇ ಇಂಡಿಗೊ ಬಂತು. ಸಿಂಗಪುರದಿಂದ ಪರ್ತ್, ಪರ್ತ್‌ನಿಂದ ದಕ್ಷಿಣ ಕಡಲಲ್ಲಿ ಸಿಡ್ನಿ, ಒಟ್ಟು ಸುಮಾರು 9,200 ಕಿಲೊಮೀಟರ್. ಇದರಲ್ಲಿ ಗೂಗಲ್, ಟೆಲ್ಸ್ಟ್ರಾ, ಸಿಂಗ್‌ಟೆಲ್‌ಗಳ ಜೊತೆ ವಿಶ್ವವಿದ್ಯಾಲಯಗಳ ಜಾಲವಾದ ಆರ್ನೆಟ್ ಕೂಡ ಪಾಲುದಾರ. 2022ರಲ್ಲಿ ಬೆವನ್ ಸ್ಲಾಟರಿ ಅವರ ಸಬ್ಕೊ ಸಂಸ್ಥೆ ಪರ್ತ್‌ನಿಂದ ಹಿಂದೂ ಮಹಾಸಾಗರ ದಾಟಿ ಒಮಾನ್‌ಗೆ ನೇರ ಕೇಬಲ್ ಮುಗಿಸಿತು. ಸಿಂಗಪುರದ ಕಡೆ ಏನೇ ಆದರೂ ಅರಬ್ಬಿ ಸಮುದ್ರದ ಕಡೆಯಿಂದ ಭಾರತಕ್ಕೂ ಯುರೋಪಿಗೂ ಬೇರೆ ದಾರಿ ಉಂಟು. ಪರ್ತ್‌ನ ಸಿಟಿ ಬೀಚ್ ತೀರದಿಂದ ಸುಮಾರು 51 ನಾಟಿಕಲ್ ಮೈಲಿ ದೂರದವರೆಗೆ ಕಡಲ ಪಟ್ಟಿಯೊಂದನ್ನು ಕೇಬಲ್ ರಕ್ಷಣಾ ವಲಯ ಎಂದು ಘೋಷಿಸಿದ್ದಾರೆ. ಅಲ್ಲಿ ಲಂಗರು ಹಾಕುವಂತಿಲ್ಲ, ತಳ ಕೆರೆಯುವ ಬಲೆ ಎಳೆಯುವಂತಿಲ್ಲ. ಆಳ ಕಡಲಿನಲ್ಲಿ ಕೇಬಲ್ಲಿನ ದಪ್ಪ ಎರಡು ಸೆಂಟಿಮೀಟರಿನಷ್ಟೇ. ಅದನ್ನು ಕಾಯುವುದು ಕಾನೂನು ಮತ್ತು ಎಚ್ಚರ.

ಬ್ರಿಸ್ಬೇನ್‌ಗೂ ಇಂಥದೇ ಕೊರತೆ ಇತ್ತು. ಹೊರದೇಶಕ್ಕೆ ಹೋಗುವ ಡೇಟಾ ಮೊದಲು ದಕ್ಷಿಣಕ್ಕೆ ಸಿಡ್ನಿಗೆ ಇಳಿಯಬೇಕಿತ್ತು. 2020ರಲ್ಲಿ ಸಿಡ್ನಿ ಮತ್ತು ಗ್ವಾಮ್ ನಡುವಿನ ಹೊಸ ಕೇಬಲ್ಲಿನಿಂದ ಒಂದು ಕವಲು ಬ್ರಿಸ್ಬೇನ್‌ನ ಉತ್ತರಕ್ಕಿರುವ ಸನ್‌ಶೈನ್ ಕೋಸ್ಟ್‌ನ ಮರೂಚಿಡೋರ್‌ಗೆ ಬಂದು ಸೇರಿತು. ಅದಕ್ಕೆ ಮುಂದಾಳಾಗಿ ನಿಂತದ್ದು ಅಲ್ಲಿನ ನಗರಸಭೆ ಎಂಬುದು ಗಮನಿಸಬೇಕಾದ ವಿಷಯ. ಅಡಿಲೇಡಿನ ನಗರಸಭೆಯೂ ಹಿಂದೆ ಬೀಳಲಿಲ್ಲ. 2018ರಲ್ಲಿ ಟಿಪಿಜಿ ಸಂಸ್ಥೆಯೊಡನೆ ಸೇರಿ ನಗರದ ಕಟ್ಟಡಗಳಿಗೆ ಸೆಕೆಂಡಿಗೆ ಹತ್ತು ಗಿಗಾಬಿಟ್ ಸಾಮರ್ಥ್ಯದ ಫೈಬರ್ ಜೋಡಿಸುವ ಯೋಜನೆ ತೆರೆಯಿತು. ಸಿಡ್ನಿ, ಮೆಲ್ಬರ್ನ್, ಅಡಿಲೇಡ್, ಪರ್ತ್‌ಗಳನ್ನು ಕಡಲ ಮೂಲಕವೇ ಜೋಡಿಸುವ, ಹದಿನಾರು ಜೋಡಿ ಎಳೆಗಳ, ಸುಮಾರು 5,000 ಕಿಲೊಮೀಟರಿನ ಇನ್ನೊಂದು ಕೇಬಲ್ಲನ್ನು ಸಬ್ಕೊ ಕೈಗೆತ್ತಿಕೊಂಡಿದೆ. ಅಡಿಲೇಡ್ ಮತ್ತು ಪರ್ತ್ ನಡುವಿನ ನಲ್ಲರ್ಬೋರ್ ಬಯಲಿನ ಮೇಲೆ ಬೆಂಕಿಯೋ ಮಹಾಪೂರವೋ ನೆಲದ ಕೇಬಲ್ ಕೆಡಿಸಿದರೆ ಕಡಲ ದಾರಿ ಇರುತ್ತದೆ.

ತಂಪು, ಕರೆಂಟು, ಕಾವಲು

ಈ ದಾರಿಗಳೆಲ್ಲ ಬಂದು ಸೇರುವ ಮನೆಯೇ ಡೇಟಾ ಸೆಂಟರ್. ಅದರ ಒಳಗಿನ ಅತಿ ಬೆಲೆಬಾಳುವ ಜಾಗ ಸರ್ವರ್‌ಗಳ ಸಭಾಂಗಣವಲ್ಲ. ಬೇರೆ ಬೇರೆ ಸಂಸ್ಥೆಗಳ ಫೈಬರ್‌ಗಳು ಒಂದನ್ನೊಂದು ಸಂಧಿಸುವ ಪುಟ್ಟ ಕೋಣೆ. ಅಲ್ಲಿ ಹಳದಿ ಬಣ್ಣದ ಕೆಲವೇ ಮೀಟರ್ ಫೈಬರ್ ಜೋಡಿಸಿದರೆ ಎರಡು ಜಾಲಗಳು ಒಂದಾಗುತ್ತವೆ. ಪೈಪ್ ನೆಟ್‌ವರ್ಕ್ಸ್ ಮಾರಾಟವಾದ ವರ್ಷ, 2010ರಲ್ಲಿ, ಸ್ಲಾಟರಿ ಬ್ರಿಸ್ಬೇನ್‌ನಲ್ಲೇ ನೆಕ್ಸ್ಟ್‌ಡಿಸಿ ಸ್ಥಾಪಿಸಿದರು. ಅದರ ಮೊದಲ ಕೇಂದ್ರ ಬ್ರಿಸ್ಬೇನ್‌ನ ಬಿ1. ಆಮೇಲೆ ಪರ್ತ್‌ನಲ್ಲಿ ಪಿ1, ಪಿ2, ಅಡಿಲೇಡಿನ ಪಿರೀ ಸ್ಟ್ರೀಟ್‌ನಲ್ಲಿ ಎ1 ಬಂದವು. ಬ್ರಿಸ್ಬೇನ್‌ನ ಬಿ2 ಕೇಂದ್ರ ಟೈರ್ 4 ಎಂಬ ಅತ್ಯುನ್ನತ ದರ್ಜೆಯ ಪ್ರಮಾಣಪತ್ರ ಪಡೆದಿದೆ. ಯಾವುದೇ ಒಂದು ಯಂತ್ರ, ಒಂದು ಪೈಪು, ಒಂದು ತಂತಿ ಕೆಟ್ಟರೂ ಕೆಲಸ ನಿಲ್ಲಬಾರದು ಎಂಬುದು ಆ ದರ್ಜೆಯ ಷರತ್ತು.

2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ವಿದ್ಯುತ್ ಗೋಪುರಗಳು ಮುರಿದು ಇಡೀ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಕತ್ತಲಾಯಿತು. ಇಂಥ ಗಳಿಗೆಗೆಂದೇ ಡೇಟಾ ಸೆಂಟರಿನ ಏರ್ಪಾಡು ಇರುವುದು. ಕರೆಂಟು ಹೋದ ಕ್ಷಣ ಬ್ಯಾಟರಿಗಳು ಹೊರೆ ಹೊರುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಡೀಸೆಲ್ ಜನರೇಟರ್‌ಗಳು ಎದ್ದು ವೇಗ ಹಿಡಿಯುತ್ತವೆ. ಆಮೇಲೆ ಟ್ಯಾಂಕಿನಲ್ಲಿ ಎಷ್ಟು ಗಂಟೆಯ ಇಂಧನ ಇದೆ, ಲಾರಿ ಬರುವ ರಸ್ತೆ ತೆರೆದಿದೆಯೇ ಎಂಬುದೇ ಪ್ರಶ್ನೆ. 2011ರ ಜನವರಿಯಲ್ಲಿ ಬ್ರಿಸ್ಬೇನ್ ನದಿ 4.46 ಮೀಟರ್ ಮಟ್ಟಕ್ಕೆ ಏರಿ ನಗರದೊಳಕ್ಕೆ ನುಗ್ಗಿತು. 2022ರಲ್ಲಿ ಮತ್ತೆ ಬಂತು. ಅಂಥ ಊರಿನಲ್ಲಿ ಕೇಂದ್ರ ಎಷ್ಟು ಎತ್ತರದಲ್ಲಿರಬೇಕು, ಟ್ರಾನ್ಸ್‌ಫಾರ್ಮರ್ ಯಾವ ಮಹಡಿಯಲ್ಲಿರಬೇಕು ಎಂಬುದನ್ನು ನದಿಯ ಚರಿತ್ರೆ ಓದಿಯೇ ನಿರ್ಧರಿಸಬೇಕು.

ಸರ್ವರ್ ಕುಡಿದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಅದನ್ನು ಹೊರಗೆ ಸಾಗಿಸುವುದು ಈ ಕಸುಬಿನ ಅರ್ಧ ಪಾಲು. ಪರ್ತ್‌ನ ಕೆನ್ಸಿಂಗ್ಟನ್‌ನಲ್ಲಿರುವ ಪಾಸಿ ಸೂಪರ್‌ಕಂಪ್ಯೂಟಿಂಗ್ ಕೇಂದ್ರ ಇದಕ್ಕೆ ಸೊಗಸಾದ ಪರಿಹಾರ ಕಂಡುಕೊಂಡಿದೆ. ನೆಲದಡಿಯ ಮುಲ್ಲಲೂ ಜಲಪದರದಿಂದ ಸುಮಾರು 21 ಡಿಗ್ರಿಯ ನೀರನ್ನು ಮೇಲೆತ್ತಿ, ಅದಕ್ಕೆ ಕಂಪ್ಯೂಟರಿನ ಬಿಸಿಯನ್ನು ದಾಟಿಸಿ, ಅದೇ ಜಲಪದರಕ್ಕೆ ಮರಳಿ ಬಿಡುತ್ತಾರೆ. ನೀರು ಆವಿಯಾಗಿ ಕಳೆದುಹೋಗುವುದಿಲ್ಲ. ಒಣ ನಾಡಿನಲ್ಲಿ ಇದು ದೊಡ್ಡ ಮಾತು. ಈ ಕೇಂದ್ರಕ್ಕೆ ಕರ್ನಾಟಕದ ನಂಟೂ ಇದೆ. ಪಶ್ಚಿಮ ಆಸ್ಟ್ರೇಲಿಯಾದ ನಿರ್ಜನ ಮರ್ಚಿಸನ್ ಬಯಲಿನಲ್ಲಿರುವ ಎಂಡಬ್ಲ್ಯುಎ ರೇಡಿಯೊ ದೂರದರ್ಶಕದ ಡಿಜಿಟಲ್ ರಿಸೀವರ್‌ಗಳನ್ನು ರೂಪಿಸಿದ್ದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪಾಲು ದೊಡ್ಡದು. ಆ ರಿಸೀವರ್‌ಗಳು ಹಿಡಿದ ಆಕಾಶದ ಸಂಕೇತ ನೂರಾರು ಕಿಲೊಮೀಟರ್ ಫೈಬರ್ ಹಾದು ಪಾಸಿ ಕೇಂದ್ರಕ್ಕೆ ಬಂದು ಶೇಖರವಾಗುತ್ತದೆ.

ಜಾಹೀರಾತಿನಲ್ಲಿ ಇದಾವುದೂ ಕಾಣುವುದಿಲ್ಲ. ಅಲ್ಲಿರುವುದು ವೇಗದ ಒಂದು ಅಂಕಿ, ತಿಂಗಳ ಬಾಡಿಗೆಯ ಇನ್ನೊಂದು ಅಂಕಿ. ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳ ಮೂವತ್ತು ವರ್ಷದ ಅನುಭವ ನಮಗೆ ಬೇರೆಯೇ ಪ್ರಶ್ನೆಗಳನ್ನು ಕಲಿಸುತ್ತದೆ. ದಟ್ಟಣೆಯ ಹೊತ್ತಿನಲ್ಲಿ ನಿಮ್ಮ ಜಾಲದಲ್ಲಿ ಎಷ್ಟು ಜಾಗ ಉಳಿದಿರುತ್ತದೆ? ಒಂದು ಕೇಬಲ್ ತುಂಡಾದರೆ ಎರಡನೆಯದು ಯಾವ ಬೀದಿಯಲ್ಲಿ ಬರುತ್ತದೆ? ಊರಿನ ಡೇಟಾವನ್ನು ಊರಲ್ಲೇ ಬದಲಿಸಿಕೊಳ್ಳುತ್ತೀರೋ, ದೂರ ಕಳಿಸಿ ತರುತ್ತೀರೋ? ಕರೆಂಟು ಹೋದರೆ ಎಷ್ಟು ಗಂಟೆ ನಿಲ್ಲುತ್ತೀರಿ? ಮೈಸೂರಿನಲ್ಲೋ ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಹೊಸ ಸಂಪರ್ಕ ಪಡೆಯುವವರೂ ಈ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಗ್ರಾಹಕ ಅಗ್ಗವೊಂದನ್ನೇ ಕೇಳಿದರೆ ಸಂಸ್ಥೆಗಳು ಮಿಗತೆಯನ್ನು ಕತ್ತರಿಸಿ ಅಗ್ಗ ಕೊಡುತ್ತವೆ. ಗ್ರಾಹಕ ಮಿಗತೆಯ ಬಗ್ಗೆ ಕೇಳಿದರೆ, ಖಾಲಿ ಎಳೆಗೂ ಎರಡನೆಯ ದಾರಿಗೂ ಹಣ ಹಾಕಿದ ಸಂಸ್ಥೆಗೆ ಅದರ ಶ್ರಮದ ಬೆಲೆ ಸಿಗುತ್ತದೆ, ಮುಂದಿನ ಅಗೆತಕ್ಕೆ ಧೈರ್ಯವೂ ಬರುತ್ತದೆ.